ಅಗರ್, ಕ್ಯಾರಗೀನನ್, ಆಲ್ಜಿನೇಟ್: ನಿಮ್ಮ ಕೆಲಸಕ್ಕೆ ಒಗ್ಗುವ ಕಡಲಪಾಚಿ ಯಾವುದು?

ಐಸ್‌ಕ್ರೀಮ್ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಐಎನ್ಎಸ್ (ಆಹಾರಕ್ಕೆ ಬೆರೆಸುವ ವಸ್ತುಗಳ ಅಂತರರಾಷ್ಟ್ರೀಯ ಸಂಖ್ಯಾಕ್ರಮ) 401, 406, 407 ಎಂಬ ಸಂಖ್ಯೆಗಳು ಕಂಡರೆ, ಅವು ಕಡಲಪಾಚಿಯಿಂದ ಬಂದವು ಎಂದು ತಿಳಿಯಿರಿ. 401 ಸೋಡಿಯಂ ಆಲ್ಜಿನೇಟ್, 406 ಅಗರ್, 407 ಕ್ಯಾರಗೀನನ್. ಮೂರೂ ಬಿಳಿ ಅಥವಾ ತುಸು ಹಳದಿ ಛಾಯೆಯ ಪುಡಿಗಳು, ಮೂರೂ ನೀರು ಹೀರಿ ಮಂದವಾಗುತ್ತವೆ. ನೋಡಲು ಇಷ್ಟು ಹೋಲುವುದರಿಂದಲೇ ಗೊಂದಲ. ಒಂದರ ಬದಲು ಇನ್ನೊಂದು ಹಾಕಿದವರ ಜೆಲ್ಲಿ ಹೆಪ್ಪುಗಟ್ಟುವುದಿಲ್ಲ, ಮುದ್ರಣದ ಪೇಸ್ಟ್ ಗಂಟಾಗುತ್ತದೆ, ಹಾಲು ಒಡೆದಂತೆ ಕಾಣುತ್ತದೆ.

ಹೊಸ ಉದ್ಯಮ ಶುರುಮಾಡುವವರು ಮೊದಲು ಕೇಳುವುದು ಕಿಲೋಗೆ ಎಷ್ಟು ಎಂದು. ಅದಕ್ಕಿಂತ ಮೊದಲು ಬೇರೆಯದೇ ಒಂದು ಪ್ರಶ್ನೆ ಇದೆ: ಈ ಪುಡಿ ಬೀಳುವ ಪಾತ್ರೆಯಲ್ಲಿ ಏನೇನಿದೆ? ಅದು ಕುದಿಯುತ್ತದೆಯೇ, ತಣ್ಣಗಿರುತ್ತದೆಯೇ? ಹಾಲಿದೆಯೇ? ಹುಳಿಯಿದೆಯೇ? ನೀರು ಗಡಸೇ? ಇದಕ್ಕೆ ಉತ್ತರ ಸಿಕ್ಕಿದರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದ ಹಾಗೆ.

ಮೂರರ ಸ್ವಭಾವ

ಅಗರ್ ಬರುವುದು ಜೆಲಿಡಿಯಂ, ಗ್ರಾಸಿಲೇರಿಯಾ ಮುಂತಾದ ಕೆಂಪು ಪಾಚಿಗಳಿಂದ. ಹೆಪ್ಪುಗಟ್ಟಲು ಅದಕ್ಕೆ ಯಾವ ಲವಣದ ಹಂಗೂ ಇಲ್ಲ. ಕುದಿಸಿ ಕರಗಿಸಿ ತಣಿಸಿದರೆ ಸಾಕು. ಸುಮಾರು 32ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಗಟ್ಟಿಯಾಗುತ್ತದೆ, ಮತ್ತೆ ಕರಗಲು ಮಾತ್ರ 85 ಡಿಗ್ರಿಗೂ ಮೇಲೆ ಹೋಗಬೇಕು. ಗಟ್ಟಿಯಾಗುವ ಬಿಸಿಗೂ ಕರಗುವ ಬಿಸಿಗೂ ನಡುವಿನ ಈ ದೊಡ್ಡ ಅಂತರವೇ ಅಗರ್‌ನ ನಿಜವಾದ ಬಂಡವಾಳ.

ಕ್ಯಾರಗೀನನ್ ಕೂಡ ಕೆಂಪು ಪಾಚಿಯದೇ, ಆದರೆ ಕಪ್ಪಾಫೈಕಸ್, ಯೂಕಿಮಾ ಮತ್ತು ಐರ್ಲೆಂಡಿನ ಕರಾವಳಿಯ ಕಾಂಡ್ರಸ್ ಜಾತಿಗಳದು. ಇದರಲ್ಲಿ ಮೂರು ಬಗೆ. ಕಪ್ಪಾ ಬಗೆ ಪೊಟ್ಯಾಸಿಯಂ ಸಿಕ್ಕರೆ ಗಟ್ಟಿಯಾದ, ಮುರಿದರೆ ಪಟ್ಟನೆ ಒಡೆಯುವ ಜೆಲ್ ಕೊಡುತ್ತದೆ. ಅಯೋಟಾ ಕ್ಯಾಲ್ಸಿಯಂ ಜೊತೆ ಮೆತ್ತನೆಯ, ಎಳೆದರೆ ಬಾಗುವ ಜೆಲ್ ಕೊಡುತ್ತದೆ. ಲ್ಯಾಂಬ್ಡಾ ಹೆಪ್ಪುಗಟ್ಟುವುದೇ ಇಲ್ಲ, ಮಂದ ಮಾತ್ರ ಮಾಡುತ್ತದೆ. ವ್ಯತ್ಯಾಸಕ್ಕೆ ಕಾರಣ, ಸಕ್ಕರೆ ಘಟಕಗಳು ಪೋಣಿಸಿಕೊಂಡ ಅದರ ಅಣು ಸರಪಳಿಯಲ್ಲಿರುವ ಸಲ್ಫೇಟ್: ಪ್ರತಿ ಜೋಡಿ ಸಕ್ಕರೆ ಘಟಕಕ್ಕೆ ಕಪ್ಪಾದಲ್ಲಿ ಸುಮಾರು ಒಂದು, ಅಯೋಟಾದಲ್ಲಿ ಎರಡು, ಲ್ಯಾಂಬ್ಡಾದಲ್ಲಿ ಮೂರು. ಬರೀ "ಕ್ಯಾರಗೀನನ್ ಕೊಡಿ" ಎಂದು ಕೇಳಿ ತಂದರೆ ಏನು ಬಂತೆಂದೇ ಗೊತ್ತಾಗುವುದಿಲ್ಲ. ಬಗೆಯ ಹೆಸರು ಹೇಳಿ ಕೇಳಿ.

ಆಲ್ಜಿನೇಟ್ ಕಂದು ಪಾಚಿಯ ಕೂಸು. ನಾರ್ವೆಯ ಲ್ಯಾಮಿನೇರಿಯಾ, ಅಮೆರಿಕ ಖಂಡಗಳ ಪಶ್ಚಿಮ ಕರಾವಳಿಯ ಮ್ಯಾಕ್ರೋಸಿಸ್ಟಿಸ್, ನಮ್ಮ ಮನ್ನಾರ್ ಕೊಲ್ಲಿಯ ಸರ್ಗಾಸಂ ಮತ್ತು ಟರ್ಬಿನೇರಿಯಾ ಇದರ ಮೂಲಗಳು. 1880ರ ದಶಕದಲ್ಲಿ ಸ್ಟಾನ್‌ಫೋರ್ಡ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞರು ಸ್ಕಾಟ್ಲೆಂಡಿನ ಪಾಚಿಯಿಂದ ಇದನ್ನು ಬೇರ್ಪಡಿಸಿದರು. 1929ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಕೆಲ್ಕೋ ಕಂಪನಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಇದಕ್ಕೆ ಬಿಸಿ ಬೇಕಿಲ್ಲ. ತಣ್ಣೀರಿನಲ್ಲಿ ಕರಗುತ್ತದೆ, ಕ್ಯಾಲ್ಸಿಯಂ ತಾಗಿದ ಕ್ಷಣ ಹೆಪ್ಪುಗಟ್ಟುತ್ತದೆ. ಸರಪಳಿಯಲ್ಲಿ ಎಂ ಮತ್ತು ಜಿ ಎಂಬ ಎರಡು ಘಟಕಗಳಿವೆ. ಜಿ ಘಟಕಗಳ ಅಂಕುಡೊಂಕಿನ ನಡುವೆ ಕ್ಯಾಲ್ಸಿಯಂ, ಟ್ರೇನಲ್ಲಿ ಮೊಟ್ಟೆ ಕೂತಂತೆ ಕೂರುತ್ತದೆ. 1973ರಿಂದ ವಿಜ್ಞಾನಿಗಳು ಈ ರಚನೆಯನ್ನು ಕರೆಯುವುದೂ ಹಾಗೆಯೇ. ಹೀಗೆ ಹುಟ್ಟಿದ ಜೆಲ್ಲನ್ನು ಎಷ್ಟು ಕುದಿಸಿದರೂ ಅದು ಮೊದಲಿನಂತೆ ನೀರಾಗುವುದಿಲ್ಲ.

ಅಗರ್‌ಗೆ ತಂಪು, ಕ್ಯಾರಗೀನನ್‌ಗೆ ತಂಪಿನ ಜೊತೆ ಲವಣ, ಆಲ್ಜಿನೇಟ್‌ಗೆ ಕ್ಯಾಲ್ಸಿಯಂ. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಅಡುಗೆಮನೆಯಲ್ಲಿ

ಮನೆಯ ಪುಡ್ಡಿಂಗಿಗೆ, ಹಣ್ಣಿನ ಜೆಲ್ಲಿಗೆ ಅಗರ್ ಬಿಟ್ಟು ಬೇರೆಯದನ್ನು ನಾನು ಹೇಳುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಅದು ಚೈನಾ ಗ್ರಾಸ್ ಎಂಬ ಹೆಸರಿನಲ್ಲಿ ಎಳೆಯಾಗಿ, ಪುಡಿಯಾಗಿ ಸಿಗುತ್ತದೆ. ಒಂದು ಲೀಟರ್ ದ್ರವಕ್ಕೆ ಸುಮಾರು 10 ಗ್ರಾಂ ಹಾಕಿದರೆ ಕತ್ತರಿಸಿ ತಟ್ಟೆಗೆ ಹಾಕುವ ಹದ ಬರುತ್ತದೆ. ಚಮಚದಲ್ಲಿ ತಿನ್ನುವ ಹದಕ್ಕೆ ಅದರ ಅರ್ಧ ಸಾಕು. ಪೂರ್ತಿ ಕರಗುವವರೆಗೆ ನೀರಿನಲ್ಲಿ ಬೇರೆಯಾಗಿ ಕುದಿಸಿ, ಆಮೇಲೆ ಬಿಸಿ ಹಾಲಿಗೆ ಸೇರಿಸಬೇಕು. ಫ್ರಿಜ್ಜಿನ ಹಾಲಿಗೆ ಸುರಿದರೆ ಬಿದ್ದಲ್ಲೇ ಎಳೆಎಳೆಯಾಗಿ ಗಟ್ಟಿಯಾಗುತ್ತದೆ. ನಿಂಬೆ, ಪ್ಯಾಶನ್ ಹಣ್ಣಿನಂಥ ಹುಳಿ ರಸವನ್ನು ಅಗರ್ ಜೊತೆ ಕುದಿಸಬೇಡಿ, ಹುಳಿಯಲ್ಲಿ ಕುದಿದರೆ ಅದರ ಬಲ ಕುಸಿಯುತ್ತದೆ. ರಸವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಿ.

ಜೆಲಟಿನ್ ಜೊತೆ ಹೋಲಿಸಿದರೆ ಅಗರ್ ಎರಡು ಕಡೆ ಗೆಲ್ಲುತ್ತದೆ. ಜೆಲಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬರುವುದರಿಂದ ಸಸ್ಯಾಹಾರಿಗಳ ತಟ್ಟೆಗೆ ಹೋಗುವುದಿಲ್ಲ. ಜೊತೆಗೆ ಅದು ಮೈಬಿಸಿಗಿಂತ ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಕಲಬುರಗಿಯ ಮೇ ತಿಂಗಳ ಮದುವೆಯಲ್ಲಿ ಜೆಲಟಿನ್ ಪುಡ್ಡಿಂಗ್ ಪಂಕ್ತಿ ಮುಗಿಯುವ ಮೊದಲೇ ನೀರಾದೀತು, ಅಗರ್ ಅಲ್ಲಾಡುವುದಿಲ್ಲ. ಹಸಿ ಅನಾನಸ್, ಪಪ್ಪಾಯದ ಕಿಣ್ವಗಳು ಜೆಲಟಿನ್ನನ್ನು ಕಡಿದುಹಾಕುತ್ತವೆ, ಅಗರನ್ನು ಮುಟ್ಟುವುದಿಲ್ಲ. ಆದರೆ ಬಾಯಲ್ಲಿಟ್ಟರೆ ಕರಗುವ ಆ ಸುಖ ಅಗರ್‌ನಲ್ಲಿ ಇಲ್ಲ ಎಂಬುದನ್ನು ಒಪ್ಪಬೇಕು. ಆ ಮೃದುತ್ವ ಬೇಕಿದ್ದವರು ಅಯೋಟಾ ಕ್ಯಾರಗೀನನ್ ಪ್ರಯತ್ನಿಸಬಹುದು. ಫ್ರೀಜರಿನಲ್ಲಿಟ್ಟು ಹೊರತೆಗೆದರೂ ಅದು ನೀರು ಬಿಡುವುದಿಲ್ಲ, ಅಗರ್ ಮತ್ತು ಕಪ್ಪಾ ಬಿಡುತ್ತವೆ.

ಆಲ್ಜಿನೇಟಿನ ಅಡುಗೆ ಬೇರೆಯೇ ಲೋಕ. ಸ್ಪೇನಿನ ಎಲ್ ಬುಲ್ಲಿ ಹೋಟೆಲಿನಲ್ಲಿ ಫೆರಾನ್ ಅದ್ರಿಯಾ ತಂಡ 2003ರಲ್ಲಿ ಜನಪ್ರಿಯಗೊಳಿಸಿದ ರಸದ ಮುತ್ತುಗಳು ಇದರವು: ಆಲ್ಜಿನೇಟ್ ಬೆರೆಸಿದ ಹಣ್ಣಿನ ರಸವನ್ನು ಕ್ಯಾಲ್ಸಿಯಂ ನೀರಿಗೆ ಹನಿಹನಿಯಾಗಿ ಬಿಟ್ಟರೆ ಹೊರಗೆ ತೆಳು ಪೊರೆ, ಒಳಗೆ ರಸ. ಮಾವಿನ ರಸಕ್ಕೆ ಇದು ಚೆನ್ನ. ತುಂಬ ಹುಳಿಯಿರುವ ರಸಕ್ಕೆ ನೇರವಾಗಿ ಬೆರೆಸಿದರೆ ಆಲ್ಜಿನೇಟ್ ಆಮ್ಲವಾಗಿ ಮಾರ್ಪಟ್ಟು ಬೇರ್ಪಡುತ್ತದೆ; ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ಕ್ಕಿಂತ ಕೆಳಗೆ ಹೋದಂತೆ ತೊಂದರೆ ಹೆಚ್ಚು. ಮೊಸರಿನಂಥ ಕ್ಯಾಲ್ಸಿಯಂ ಇರುವ ವಸ್ತುವಿಗಾದರೆ ಕ್ರಮವನ್ನೇ ತಿರುಗಿಸಿ, ಮೊಸರನ್ನು ಆಲ್ಜಿನೇಟ್ ನೀರಿಗೆ ಹಾಕಬೇಕು. ಕ್ಯಾಲ್ಸಿಯಂ ಕ್ಲೋರೈಡ್ ಕಹಿ ಉಳಿಸುತ್ತದೆ, ತಿನ್ನುವ ಪದಾರ್ಥಕ್ಕೆ ಕ್ಯಾಲ್ಸಿಯಂ ಲ್ಯಾಕ್ಟೇಟ್ ಮೇಲು.

ಹಾಲಿದ್ದರೆ

ಡೈರಿ ಪದಾರ್ಥಕ್ಕೆ ಕಪ್ಪಾ ಕ್ಯಾರಗೀನನ್‌ಗೆ ಸಾಟಿ ಇನ್ನೊಂದಿಲ್ಲ. ಹಾಲಿನ ಕೇಸಿನ್ ಪ್ರೋಟೀನ್ ಮತ್ತು ಇದರ ಸಲ್ಫೇಟ್ ನಡುವೆ ಒಂದು ಸೆಳೆತವಿದೆ. ಹಾಗಾಗಿ ಚಾಕೊಲೇಟ್ ಹಾಲಿನಲ್ಲಿ ಕೋಕೋ ತಳಕ್ಕಿಳಿಯದಂತೆ ಹಿಡಿಯಲು ನೂರಕ್ಕೆ 0.02ರಿಂದ 0.03 ಭಾಗ ಸಾಕು: ಒಂದು ಲೀಟರಿಗೆ ಕಾಲು ಗ್ರಾಂ ಆಸುಪಾಸು. ಇಷ್ಟು ಕಡಿಮೆಯಲ್ಲಿ ಅಗರ್ ಆಗಲಿ ಆಲ್ಜಿನೇಟ್ ಆಗಲಿ ಈ ಕೆಲಸ ಮಾಡವು. ಕಿಲೋ ದರ ನೋಡಿ ಕ್ಯಾರಗೀನನ್ ದುಬಾರಿ ಎಂದು ಬಿಟ್ಟವರು ಲೀಟರ್ ಲೆಕ್ಕ ಹಾಕಬೇಕು, ಚಿತ್ರವೇ ಬದಲಾಗುತ್ತದೆ.

ಐಸ್‌ಕ್ರೀಮಿನಲ್ಲಿ ಮುಖ್ಯ ದಪ್ಪಕಾರಕ ಸಾಮಾನ್ಯವಾಗಿ ರಾಜಸ್ಥಾನದ ಗೋರಿಕಾಯಿ ಬೀಜದಿಂದ ಬರುವ ಗೌರ್ ಗಮ್, ಐಎನ್ಎಸ್ 412. ಅಗ್ಗದ ಕೆಲಸಗಾರ. ಆದರೆ ಅದೊಂದೇ ಇದ್ದರೆ ಹಾಲಿನ ಪ್ರೋಟೀನನ್ನು ದೂರ ತಳ್ಳಿ ತಿಳಿನೀರು ಬೇರೆಯಾಗಬಹುದು. ಅದನ್ನು ತಡೆಯಲೆಂದೇ ಚಿಟಿಕೆ ಕ್ಯಾರಗೀನನ್. ಸಣ್ಣ ಪ್ರಮಾಣದಲ್ಲಿ ಐಸ್‌ಕ್ರೀಮ್ ಮಾಡುವವರಿಗೆ ನನ್ನ ಸಲಹೆಯೂ ಇದೇ ಜೋಡಿ. ಆಲ್ಜಿನೇಟ್ ಬಳಸುವುದಾದರೆ ಹಾಲಿನ ಕ್ಯಾಲ್ಸಿಯಂ ಅದನ್ನು ಅವಧಿಗೆ ಮುನ್ನ ಹಿಡಿದುಕೊಳ್ಳದಂತೆ ಫಾಸ್ಫೇಟ್ ಲವಣ ಜೊತೆಗಿರಬೇಕು. ಹೊಸಬರಿಗೆ ಅದು ಬೇಡದ ತಲೆನೋವು.

ಬಟ್ಟೆಯ ಮೇಲೆ ಬಣ್ಣ ಮುದ್ರಿಸುವವರಿಗೆ

ಆಲ್ಜಿನೇಟ್ ಎಷ್ಟು ಅಪರೂಪದ ವಸ್ತು ಎಂಬುದು ತಿಳಿಯುವುದು ಇಲ್ಲಿಯೇ, ಆದ್ದರಿಂದ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹತ್ತಿ ಬಟ್ಟೆಗೆ ಬಳಸುವ ರಿಯಾಕ್ಟಿವ್ ಬಣ್ಣಗಳು ಹತ್ತಿಯ ಹೈಡ್ರಾಕ್ಸಿಲ್ ಗುಂಪುಗಳನ್ನು (ಆಮ್ಲಜನಕ, ಜಲಜನಕ ಸೇರಿದ ಅಣುವಿನ ಕೊಂಡಿಗಳು) ಹಿಡಿದು ಗಟ್ಟಿ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತವೆ. ತೊಳೆದರೂ ಹೋಗದಿರುವುದು ಅದಕ್ಕೇ. ಆದರೆ ಬಣ್ಣವನ್ನು ಅಚ್ಚಿನ ಗೆರೆಯಾಚೆ ಹರಿಯದಂತೆ ತಡೆಯಲು ಪೇಸ್ಟ್ ಮಂದವಿರಬೇಕಲ್ಲ. ಗಂಜಿ ಹಾಕಿದರೆ? ಗಂಜಿಯಲ್ಲೂ ಅವೇ ಹೈಡ್ರಾಕ್ಸಿಲ್‌ಗಳು ತುಂಬಿವೆ. ಬಣ್ಣ ಬಟ್ಟೆಯ ಜೊತೆಗೆ ಗಂಜಿಗೂ ಕಚ್ಚಿಕೊಳ್ಳುತ್ತದೆ. ಬಣ್ಣ ಪೋಲು, ಗಂಜಿ ತೊಳೆದುಹೋಗದೆ ಬಟ್ಟೆ ಬಿರುಸು. ಮಾರ್ಪಡಿಸದ ಗೌರ್ ಗಮ್ಮಿನದೂ ಇದೇ ಕಥೆ. ಆಲ್ಜಿನೇಟಿನ ಸರಪಳಿಯಲ್ಲಿ ಸುಲಭವಾಗಿ ಪ್ರತಿಕ್ರಿಯಿಸುವ ಪ್ರಾಥಮಿಕ ಹೈಡ್ರಾಕ್ಸಿಲ್ ಇರಬೇಕಾದ ಜಾಗದಲ್ಲಿ ಕಾರ್ಬಾಕ್ಸಿಲ್ ಎಂಬ ಆಮ್ಲ ಗುಂಪು ಇದೆ. ಅದರ ಋಣ ವಿದ್ಯುದಂಶ ಅಂಥದ್ದೇ ಋಣ ಅಂಶದ ಬಣ್ಣವನ್ನು ದೂರ ತಳ್ಳುತ್ತದೆ. ಬಣ್ಣಕ್ಕೆ ಹೋಗಲು ಬಟ್ಟೆಯೊಂದೇ ದಾರಿ. ಆವಿಯಲ್ಲಿ ಬೇಯಿಸಿ ತೊಳೆದರೆ ಆಲ್ಜಿನೇಟ್ ನೀರಿನೊಂದಿಗೆ ಹೊರಟುಹೋಗುತ್ತದೆ, ಬಟ್ಟೆ ಮೆತ್ತಗೆ ಉಳಿಯುತ್ತದೆ. ಸಂಶ್ಲೇಷಿತ ಅಕ್ರಿಲಿಕ್ ದಪ್ಪಕಾರಕಗಳು ಪೈಪೋಟಿಗೆ ಬಂದಿವೆ, ಆದರೆ ಪೇಸ್ಟಿನಲ್ಲಿ ಲವಣ ಹೆಚ್ಚಾದರೆ ಅವು ತೆಳುವಾಗಿಬಿಡುತ್ತವೆ. ಹತ್ತಿ ಮತ್ತು ರಿಯಾಕ್ಟಿವ್ ಬಣ್ಣ ಸೇರಿದಲ್ಲಿ ನನ್ನ ಆಯ್ಕೆ ಆಲ್ಜಿನೇಟ್.

ನಮ್ಮ ಊರುಗಳಲ್ಲಿ ಇದಕ್ಕೆ ಎದುರಾಗುವ ಶತ್ರು ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಆಲ್ಜಿನೇಟನ್ನು ಅರ್ಧಂಬರ್ಧ ಹೆಪ್ಪುಗಟ್ಟಿಸುತ್ತದೆ. ಪೇಸ್ಟ್ ಗಂಟುಗಂಟಾಗಿ ಸ್ಕ್ರೀನಿನ ಕಣ್ಣುಗಳು ಕಟ್ಟಿಕೊಳ್ಳುತ್ತವೆ. ಪುಡಿ ಕಳಪೆ ಎಂದು ಮಾರಿದವನನ್ನು ಬೈಯುವ ಮೊದಲು ನೀರು ಪರೀಕ್ಷಿಸಿ. ಮೆದುಗೊಳಿಸಿದ ನೀರು ಬಳಸಿ, ಇಲ್ಲವೇ ಪುಡಿ ಹಾಕುವ ಮುನ್ನ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಸ್ವಲ್ಪ ಕರಗಿಸಿ. ಅದು ಕ್ಯಾಲ್ಸಿಯಮನ್ನು ಕಟ್ಟಿಹಾಕುತ್ತದೆ.

ಇನ್ನು ಆಲ್ಜಿನೇಟ್ ಬೇಡವೇ ಬೇಡ ಎನ್ನುವ ಜಾಗ. ನೈಸರ್ಗಿಕ ಬಣ್ಣದ ಅಚ್ಚು ಮುದ್ರಣ ಮಾಡುವವರು ಪಟಿಕ ಮತ್ತು ಕಬ್ಬಿಣದ ದ್ರಾವಣವನ್ನು ಬಟ್ಟೆಗೆ ಒತ್ತುತ್ತಾರೆ. ಪಟಿಕದ ಅಲ್ಯುಮಿನಿಯಂ, ಕಬ್ಬಿಣ ಎರಡೂ ಆಲ್ಜಿನೇಟನ್ನು ಕ್ಯಾಲ್ಸಿಯಂಗಿಂತ ಬಿಗಿಯಾಗಿ ಹಿಡಿದು ಗಟ್ಟಿ ಮುದ್ದೆ ಮಾಡುತ್ತವೆ. ಅಲ್ಲಿ ಗೌರ್, ಗೋಂದು ಅಥವಾ ಹುಣಸೆ ಬೀಜದ ಪುಡಿಯೇ ಸರಿ. ಬೆಲ್ಲ ಮತ್ತು ತುಕ್ಕು ಕಬ್ಬಿಣ ಹುದುಗಿಸಿ ಮಾಡುವ ಕಪ್ಪಿಗೆ ಹುಣಸೆ ಬೀಜದ ಹಿಟ್ಟು ಬೆರೆಸುವುದು ರಾಜಸ್ಥಾನದ ಅಚ್ಚುಗಾರರ ಹಳೆಯ ಪದ್ಧತಿ. ತುಮಕೂರಿನಂಥ ಹುಣಸೆ ಪೇಟೆ ಪಕ್ಕದಲ್ಲೇ ಇರುವ ನಮಗೆ ಅದು ಕಡಲ ವಸ್ತುವಿಗಿಂತ ಹತ್ತಿರವೂ ಹೌದು. ಪಾಲಿಯೆಸ್ಟರ್ ಮೇಲಿನ ಡಿಸ್ಪರ್ಸ್ ಬಣ್ಣಕ್ಕೂ ಮಾರ್ಪಡಿಸಿದ ಹುಣಸೆ ಅಥವಾ ಗೌರ್ ಸಾಕು. ಪಿಗ್ಮೆಂಟ್ ಮುದ್ರಣಕ್ಕೆ ಅಕ್ರಿಲಿಕ್ ದಪ್ಪಕಾರಕ ರೂಢಿಯಲ್ಲಿದೆ, ಅಲ್ಲಿ ಆಲ್ಜಿನೇಟಿಗೆ ದುಡ್ಡು ಸುರಿಯಬೇಡಿ.

ಪ್ರಯೋಗಾಲಯ ಮತ್ತು ಅಂಗಾಂಶ ಕೃಷಿ

ಸೂಕ್ಷ್ಮಜೀವಿ ಬೆಳೆಸುವ ತಟ್ಟೆಗೆ ಅಗರ್ ಬಂದದ್ದು ಅಡುಗೆಮನೆಯಿಂದಲೇ. 1881ರ ಸುಮಾರಿಗೆ ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕೋಖ್ ಅವರ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆ ಬಳಸುತ್ತಿದ್ದ ಜೆಲಟಿನ್ ಬೇಸಿಗೆಯಲ್ಲಿ ಕರಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳಂತೂ ಅದನ್ನೇ ತಿಂದುಹಾಕುತ್ತಿದ್ದವು. ಅವರ ಪತ್ನಿ ಫ್ಯಾನಿ ಹೆಸ್ಸೆ ಜಾವಾದಲ್ಲಿ ಇದ್ದುಬಂದ ಪರಿಚಯದವರಿಂದ ಕಲಿತ ಅಗರ್ ಸೂಚಿಸಿದರು. 37 ಡಿಗ್ರಿಯಲ್ಲಿ ಅಲುಗದು, ಬ್ಯಾಕ್ಟೀರಿಯಾಗಳಿಗೆ ಸುಲಭಕ್ಕೆ ಜೀರ್ಣವಾಗದು, 45-50 ಡಿಗ್ರಿಯಲ್ಲಿ ಸುರಿಯಲು ಬರುತ್ತದೆ. ಇವತ್ತಿಗೂ ನೂರಕ್ಕೆ 1.5ರ ಅಗರ್ ತಟ್ಟೆಯೇ ಲೋಕದ ವಾಡಿಕೆ. ಕೋಖ್ 1882ರ ಕ್ಷಯದ ಪ್ರಬಂಧದಲ್ಲಿ ಅಗರ್ ಹೆಸರಿಸಿದರು, ಫ್ಯಾನಿಯವರ ಹೆಸರು ಬರಲಿಲ್ಲ. ಅದು ಬರಬೇಕಿತ್ತು.

ಇಲ್ಲಿ ಆಯ್ಕೆ ಅಗರ್‌ನ ಒಳಗೇ ನಡೆಯಬೇಕು: ಅಡುಗೆ ದರ್ಜೆ, ಬ್ಯಾಕ್ಟೀರಿಯಾ ದರ್ಜೆ, ಡಿಎನ್ಎ ಬೇರ್ಪಡಿಸಲು ಬಳಸುವ ಶುದ್ಧ ಅಗರೋಸ್. ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಶಾಲೆಯ ಪ್ರದರ್ಶನಕ್ಕೆ ಚೈನಾ ಗ್ರಾಸ್ ನಡೆದೀತು, ರೋಗನಿರ್ಣಯದ ಲ್ಯಾಬಿಗೆ ಖಂಡಿತ ಸಲ್ಲದು. ಬಾಳೆ ಸಸಿ ಮಾಡುವ ಅಂಗಾಂಶ ಕೃಷಿ ಘಟಕಗಳಲ್ಲಿ ಲೀಟರಿಗೆ 6ರಿಂದ 8 ಗ್ರಾಂ ಅಗರ್ ರೂಢಿ. ಬೇರು ಸ್ಪಷ್ಟವಾಗಿ ಕಾಣಬೇಕೆಂಬವರು ಬ್ಯಾಕ್ಟೀರಿಯಾದಿಂದ ತಯಾರಾಗುವ ಜೆಲ್ಲನ್ ಗಮ್ ಬಳಸುತ್ತಾರೆ, ಅದು ಕಡಮೆ ಪ್ರಮಾಣ ಸಾಕು, ಗಾಜಿನಂತೆ ತಿಳಿ. 2015ರಲ್ಲಿ ಮೊರಾಕ್ಕೊದ ಜೆಲಿಡಿಯಂ ಕೊಯ್ಲಿನ ನಿರ್ಬಂಧದಿಂದ ಲ್ಯಾಬ್ ಅಗರ್‌ಗೆ ಜಾಗತಿಕ ಅಭಾವ ಬಂದಿತ್ತು. ದೊಡ್ಡ ಘಟಕ ನಡೆಸುವವರು ಎರಡನೇ ದಾರಿಯೊಂದನ್ನು ಮೊದಲೇ ಪರೀಕ್ಷಿಸಿ ಇಟ್ಟುಕೊಳ್ಳುವುದು ಕ್ಷೇಮ.

ಆಲ್ಜಿನೇಟಿಗೂ ಇಲ್ಲೊಂದು ಪಾಲಿದೆ. ಜೀವಕೋಶವನ್ನು ಬಿಸಿ ತಾಗಿಸದೆ ಜೆಲ್ ಮಣಿಯೊಳಗೆ ಮುಚ್ಚಿಡಬೇಕಾದರೆ ಅದೇ ಬೇಕು. 1988ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಶ್ರೀಗಂಧದ ಭ್ರೂಣಗಳನ್ನು ಆಲ್ಜಿನೇಟ್ ಮಣಿಯಲ್ಲಿಟ್ಟು ಕೃತಕ ಬೀಜ ಮಾಡಿ ಸಸಿ ಪಡೆದರು.

ವೈದ್ಯಕೀಯ ಬಳಕೆ

ದಂತವೈದ್ಯರು ಹಲ್ಲಿನ ಅಚ್ಚು ತೆಗೆಯುವ, ನೀರಿನಲ್ಲಿ ಕಲಸಿದ ಪುಡಿ ಆಲ್ಜಿನೇಟೇ. ಪುಡಿಯಲ್ಲೇ ಕ್ಯಾಲ್ಸಿಯಂ ಸಲ್ಫೇಟ್ ಇದೆ, ಅದನ್ನು ಕೆಲ ನಿಮಿಷ ತಡೆಹಿಡಿಯಲು ಫಾಸ್ಫೇಟ್ ಇದೆ. ಮೊದಲು ಈ ಕೆಲಸಕ್ಕೆ ಅಗರ್ ಇತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಅಗರ್ ನಿಂತಾಗ ಆಲ್ಜಿನೇಟ್ ಅದರ ಜಾಗಕ್ಕೆ ಬಂತು. ಅಗರ್ ಅಚ್ಚಿಗೆ ಕಾಯಿಸುವ, ತಣಿಸುವ ಸಲಕರಣೆ ಬೇಕು, ಆಲ್ಜಿನೇಟಿಗೆ ಒಂದು ರಬ್ಬರ್ ಬಟ್ಟಲು ಸಾಕು. ಎರಡೂ ಗಾಳಿಗಿಟ್ಟರೆ ಕುಗ್ಗುತ್ತವೆ, ಕೂಡಲೇ ಜಿಪ್ಸಂ ಸುರಿಯಬೇಕು.

ಕ್ಯಾಲ್ಸಿಯಂ ಆಲ್ಜಿನೇಟಿನ ನೂಲಿನ ಪಟ್ಟಿ ಹೆಚ್ಚು ಸೋರುವ ಗಾಯಕ್ಕೆ. ಗಾಯದ ದ್ರವದ ಸೋಡಿಯಂ ಮತ್ತು ಪಟ್ಟಿಯ ಕ್ಯಾಲ್ಸಿಯಂ ಜಾಗ ಬದಲಿಸಿಕೊಂಡು ಪಟ್ಟಿ ಮೆತ್ತನೆಯ ಜೆಲ್ ಆಗುತ್ತದೆ. ಒಣ ಗಾಯಕ್ಕೆ ಇದು ಅಂಟಿಕೊಂಡು ತೊಂದರೆ ಕೊಡುವುದರಿಂದ ವೈದ್ಯರು ಹೇಳದೆ ಕೊಳ್ಳಬೇಡಿ. ಎದೆಯುರಿಗೆ ಕೊಡುವ ಗ್ಯಾವಿಸ್ಕಾನ್‌ನಂಥ ಔಷಧಿಗಳಲ್ಲಿ ಆಲ್ಜಿನೇಟ್ ಹೊಟ್ಟೆಯ ಆಮ್ಲದ ಮೇಲೆ ತೇಲುವ ತೆಪ್ಪವಾಗಿ ನಿಲ್ಲುತ್ತದೆ. ಹಣ್ಣಿನ ರಸದಲ್ಲಿ ತೊಂದರೆ ಎಂದ ಹುಳಿಯೇ ಇಲ್ಲಿ ಉಪಕಾರಿ.

ಟೂತ್‌ಪೇಸ್ಟಿಗೆ ಅಯೋಟಾ ಕ್ಯಾರಗೀನನ್, ಬಿಯರ್ ತಿಳಿಗೊಳಿಸಲು ಕಪ್ಪಾ, ಅದರ ನೊರೆ ನಿಲ್ಲಿಸಲು ಪ್ರೊಪಿಲೀನ್ ಗ್ಲೈಕಾಲ್ ಆಲ್ಜಿನೇಟ್, ವೆಲ್ಡಿಂಗ್ ಕಡ್ಡಿಯ ಲೇಪನಕ್ಕೆ ಮತ್ತೆ ಆಲ್ಜಿನೇಟ್: ಇವುಗಳಲ್ಲಿ ಆಯ್ಕೆ ಬಹುಮಟ್ಟಿಗೆ ಇತ್ಯರ್ಥವಾಗಿದೆ.

ಸುರಕ್ಷತೆಯ ಪ್ರಶ್ನೆ

ಅಂತರ್ಜಾಲದಲ್ಲಿ ಕ್ಯಾರಗೀನನ್ ಬಗ್ಗೆ ಭಯ ಹೆಚ್ಚು. ಎರಡು ವಸ್ತುಗಳನ್ನು ಬೇರೆ ಮಾಡಿ ನೋಡಬೇಕು. ಬಲವಾದ ಆಮ್ಲದಲ್ಲಿ ಕಾಯಿಸಿ ಚೂರು ಮಾಡಿದ ಪಾಲಿಗೀನನ್ ಎಂಬುದು ಪ್ರಾಣಿಗಳಲ್ಲಿ ಕರುಳಿಗೆ ಹಾನಿ ಮಾಡಿದೆ, ಅದನ್ನು ಆಹಾರಕ್ಕೆ ಬಳಸುವುದಿಲ್ಲ. ಆಹಾರದ ಕ್ಯಾರಗೀನನ್ ಬೇರೆ. ಅದಕ್ಕೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ದೇಹತೂಕದ ಕಿಲೋಗೆ ದಿನಕ್ಕೆ 75 ಮಿಲಿಗ್ರಾಂ ಎಂಬ ತಾತ್ಕಾಲಿಕ ಮಿತಿ ಇಟ್ಟು, ಇನ್ನಷ್ಟು ಮಾಹಿತಿ ಕೇಳಿತು. ಐಸ್‌ಕ್ರೀಮಿನ ಚಿಟಿಕೆಗೆ ಆರೋಗ್ಯವಂತರು ಹೆದರಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಕರುಳಿನ ಉರಿಯೂತ ಇರುವವರು ವೈದ್ಯರನ್ನು ಕೇಳುವುದು ಒಳ್ಳೆಯದು. ಅಗರ್ ಮತ್ತು ಆಲ್ಜಿನೇಟ್ ಬಗ್ಗೆ ಇಂಥ ವಿವಾದವಿಲ್ಲ.

ಕೊಳ್ಳುವಾಗ

ಭಾರತದ ಪಾಚಿ ಬಹುಪಾಲು ತಮಿಳುನಾಡಿನ ರಾಮನಾಥಪುರ ಕರಾವಳಿಯದು. ಸಂಸ್ಕರಣೆ ಮದುರೈ ಸುತ್ತ. ಕಾಡು ಪಾಚಿಯನ್ನು ಉಸಿರು ಹಿಡಿದು ಮುಳುಗಿ ಕೀಳುವವರಲ್ಲಿ ಹೆಚ್ಚಿನವರು ಮೀನುಗಾರ ಹೆಂಗಸರು. ಕಪ್ಪಾಫೈಕಸ್ ಮಾತ್ರ ತೆಪ್ಪದ ಮೇಲೆ ಬೆಳೆಸುವ ಹೊರನಾಡಿನ ತಳಿ; ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಅದನ್ನು ಇಲ್ಲಿ ಪಳಗಿಸಿತು. ಹಸಿ ಪಾಚಿಯ ರಸ ಹಿಂಡಿ ಗೊಬ್ಬರಕ್ಕೆ, ಉಳಿದ ಚರಟ ಕ್ಯಾರಗೀನನ್‌ಗೆ ಹೋಗುತ್ತದೆ. ನಮ್ಮ ರೈತರು ಬೆಳೆಗೆ ಸಿಂಪಡಿಸುವ ಸಾಗರಿಕಾದಂಥ ದ್ರವಗಳು ಈ ದಾರಿಯವು. ಆದರೆ ಅದೇ ತಳಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿದ್ದು 2008ರಲ್ಲಿ ದಾಖಲಾಯಿತು. ಪಾಚಿ ಎಲ್ಲಿಂದ, ಯಾರ ಕೈಯಿಂದ ಬಂತೆಂದು ಕೇಳುವ ಕೊಳ್ಳುಗರು ಹೆಚ್ಚಬೇಕು. ಒಂದು ಟನ್ ಕೊಳ್ಳುವವರ ಪ್ರಶ್ನೆಗೆ ಮಾರಾಟಗಾರ ಉತ್ತರ ಕೊಡಲೇಬೇಕಾಗುತ್ತದೆ.

ದರಪಟ್ಟಿಯ ಜೊತೆ ಗುಣಪತ್ರವನ್ನೂ ಕೇಳಿ. ಅಗರ್ ಮತ್ತು ಕಪ್ಪಾಗೆ ಜೆಲ್ ಬಲ, ಆಲ್ಜಿನೇಟಿಗೆ ನೂರಕ್ಕೆ 1ರ ದ್ರಾವಣದ ಸ್ನಿಗ್ಧತೆ (ಎಷ್ಟು ಮಂದ ಎಂಬ ಅಳತೆ) ಮತ್ತು ಎಂ-ಜಿ ಪ್ರಮಾಣ. ಮಣಿಗೆ ಜಿ ಹೆಚ್ಚಿರುವುದು. ಬರೀ ಮಂದ ಮಾಡಲು ಎಂ ಹೆಚ್ಚಿದ್ದರೂ ಆದೀತು. ಆಹಾರಕ್ಕೆ ಆಹಾರ ದರ್ಜೆಯೇ ಬೇಕು, ಬಟ್ಟೆ ದರ್ಜೆಯ ಆಲ್ಜಿನೇಟ್ ಎಷ್ಟು ಅಗ್ಗವಾದರೂ ಅಡುಗೆಗೆ ಬೇಡ. ಮೊದಲ ಸಲ ಕಿಲೋ ಒಳಗೇ ತರಿಸಿ, ನಿಮ್ಮದೇ ನೀರಿನಲ್ಲಿ ಕಲಸಿ ನೋಡಿ. ಆಲ್ಜಿನೇಟನ್ನು ನೇರವಾಗಿ ನೀರಿಗೆ ಸುರಿಯದೆ ಐದಾರು ಪಟ್ಟು ಸಕ್ಕರೆಯೊಂದಿಗೆ ಒಣದಾಗಿ ಬೆರೆಸಿ, ರಭಸದಿಂದ ತಿರುಗುವ ನೀರಿಗೆ ಉದುರಿಸಿ. ಸಕ್ಕರೆ ಸಲ್ಲದ ಕಡೆ ಎಣ್ಣೆಯಲ್ಲಿ ಕದಡಿ ಹಾಕಬಹುದು. ರಾತ್ರಿಯಿಡೀ ಬಿಟ್ಟರೆ ಗುಳ್ಳೆಗಳೂ ಇಳಿಯುತ್ತವೆ. ಉಳಿದ ಪುಡಿಯನ್ನು ತೇವ ತಾಗದ ಡಬ್ಬಿಯಲ್ಲಿ, ತಂಪು ಜಾಗದಲ್ಲಿಡಿ. ಬಿಸಿಯಲ್ಲಿ ಇಟ್ಟ ಆಲ್ಜಿನೇಟ್ ತಿಂಗಳು ಕಳೆದಂತೆ ತೆಳುವಾಗುತ್ತದೆ, ಹಾಗಾಗಿ ಹಳೆಯ ಚೀಲ ತೆರೆದಾಗಲೆಲ್ಲ ಅಳತೆಯನ್ನು ಹೊಸದಾಗಿ ಹೊಂದಿಸಬೇಕು.